ಜಗಲಿಯ ಕಾಲಂನಲ್ಲಿ ಸೊನ್ನೆ

ನನ್ನ ಟ್ರಂಕಿನಲ್ಲಿ ನೂರು ಪುಟದ ನೋಟ್‌ಬುಕ್‌ಗಳು ಹದಿನೇಳು ಇವೆ. ಕಳೆದ ವಾರ ಅವುಗಳಲ್ಲಿ ಆರನೆಯದನ್ನು ಹುಡುಕಿ ಹೊರಗೆ ತೆಗೆದೆ. ಭಟ್ಕಳದಲ್ಲಿ ಒಬ್ಬರು ಸಣ್ಣದೊಂದು ಮನೆ ಕಟ್ಟಿಸುವವರಿದ್ದಾರೆ. ನಕ್ಷೆಗೆ ಅಳತೆ ತೆಗೆದುಕೊಂಡು ಬರಲು ನಮ್ಮ ಆಫೀಸಿನಿಂದ ನನ್ನನ್ನು ಕಳಿಸಿದ್ದರು. ಟೇಪು ಸುತ್ತಿ ಚೀಲಕ್ಕೆ ಹಾಕುವಾಗ ಆ ಯಜಮಾನರು, "ಮುಂದೆ ಜಗಲಿ ಗಿಗಲಿ ಬೇಡ. ನಮ್ಮನೇಲಿ ಹೊರಗೆ ಯಾರೂ ಕೂತ್ಕಳೂದಿಲ್ಲ. ಆ ಜಾಗಾನೂ ಹಾಲಿಗೇ ಸೇರ್ಸಿಬಿಡಿ" ಎಂದರು. ಬರೆದುಕೊಳ್ಳಲು ಪೆನ್ಸಿಲ್ ಎತ್ತಿದವಳು ಹಾಗೆಯೇ ಕುಳಿತುಬಿಟ್ಟೆ. ಯಾರೂ ಕೂರುವುದಿಲ್ಲ ಎಂಬ ಮಾತನ್ನು ಒಂದು ಕಾಲಕ್ಕೆ ನಾನೂ ಬರೆದಿದ್ದೆ. ಅವರಿಗಿಂತ ಅಚ್ಚುಕಟ್ಟಾಗಿ, ಅಡಿಪಟ್ಟಿ ಹಿಡಿದು ಗೆರೆ ಎಳೆದು, ಕಾಲಂ ಮಾಡಿ ಬರೆದಿದ್ದೆ. ಅದಿರುವುದು ಆರನೆಯ ನೋಟ್‌ಬುಕ್ಕಿನಲ್ಲಿ.

ಎಣಿಸುವ ಚಟ ನನಗೆ ಅಂಟಿದ್ದು ಅತ್ತೆಯಿಂದ. ಅತ್ತೆ ಎಂದರೆ ಅಪ್ಪನ ತಂಗಿ, ದುರ್ಗಿ. ಮದುವೆಯಾದ ಎರಡನೆಯ ವರ್ಷ ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ಮಂಕಿಗೆ, ನಮ್ಮ ಮನೆಗೆ ಬಂದಳು. ಆಗ ನನಗೆ ಆರು ವರ್ಷ. ಅವಳ ಕೈಯಲ್ಲಿ ಒಂದು ಟ್ರಂಕು, ತಲೆಯ ಮೇಲೆ ಒಂದು ಖಾಲಿ ಬುಟ್ಟಿ ಇದ್ದದ್ದು ನೆನಪಿದೆ. ಒಂದು ತಿಂಗಳು ಕಳೆಯುವುದರೊಳಗೆ ಅವಳು ಆ ಬುಟ್ಟಿ ಹೊತ್ತು ಮೀನು ಮಾರಲು ಹೊರಟಳು. ದಡದಲ್ಲಿ ದೋಣಿ ಬಂದಾಗ ಬಂಗಡೆ ಎಣಿಸುವುದನ್ನು ಅವಳ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಒಂದು ಕೈಗೆ ಎರಡು, ಇನ್ನೊಂದು ಕೈಗೆ ಎರಡು. ಬುಟ್ಟಿಗೆ ಬೀಳುವ ಸದ್ದಿನಲ್ಲೇ ಲೆಕ್ಕ. ನೂರು ತುಂಬಿದ ಕೂಡಲೇ ಒಂದು ಮೀನನ್ನು ಬದಿಗಿಡುವಳು. ಮನೆಗೆ ಬಂದ ಮೇಲೆ, ಆ ದಿನ ಎಷ್ಟು ನೂರು ಹೋಯಿತೋ ಅಷ್ಟು ಗೀಟುಗಳನ್ನು ಬಾವಿಯ ಕಡೆಯ ಗೋಡೆಗೆ, ಎಲೆಗೆ ಹಚ್ಚುವ ಸುಣ್ಣದಲ್ಲಿ ಬೆರಳಿಂದ ಎಳೆಯುವಳು. ಓದು ಬರಹ ಬಾರದು. ಆದರೆ ಹತ್ತು ದಿನದ ಹಿಂದೆ ಎಷ್ಟು ಬಂಗಡೆ ಮಾರಿದಳೆಂದು ಗೋಡೆ ನೋಡಿ ಹೇಳಬಲ್ಲಳು. ಮಳೆಗಾಲದ ಇರಚಲು ಅದನ್ನೆಲ್ಲ ತೊಳೆದುಹಾಕುತ್ತಿತ್ತು. "ಹೋಗ್ಲಿ ಬಿಡು, ಹೊಸ ವರ್ಷಕ್ಕೆ ಹೊಸ ಗೋಡೆ" ಎನ್ನುತ್ತಿದ್ದಳು.

ನಾನೂ ಎಣಿಸತೊಡಗಿದೆ. ಮನೆಯಿಂದ ಶಾಲೆಗೆ ಹೆಜ್ಜೆ ಎಷ್ಟು, ದಾರಿಯಲ್ಲಿ ತೆಂಗಿನ ಮರ ಎಷ್ಟು, ಮಾಸ್ತರು ಒಂದು ಪಾಠದಲ್ಲಿ ಎಷ್ಟು ಸಲ ಮೂಗು ಉಜ್ಜಿಕೊಂಡರು, ಎಲ್ಲಕ್ಕೂ ಲೆಕ್ಕ. ಕೊನೆಯದನ್ನು ಪಾಟಿಯ ಮೇಲೆ ಬರೆದು ಸಿಕ್ಕಿಬಿದ್ದು ಬೆಂಚಿನ ಮೇಲೆ ನಿಂತದ್ದೂ ಉಂಟು. ನಿಂತಲ್ಲಿಂದ ಮಾಡಿನ ಹಂಚು ಎಣಿಸಿದೆ.

ಹೀಗೆ ಎಣಿಸುತ್ತ ಎಣಿಸುತ್ತ ನಾನು ಕಟ್ಟಡದ ಕೆಲಸದ ಡಿಪ್ಲೊಮಾ ಮುಗಿಸಿದೆ. ಫಲಿತಾಂಶಕ್ಕೆ ಕಾಯುತ್ತಿದ್ದ ಆ ಏಪ್ರಿಲ್ ತಿಂಗಳಲ್ಲಿ ಅಣ್ಣನಿಗೆ ಹೆಣ್ಣು ಗೊತ್ತಾಯಿತು. ಮದುವೆ ಮುಂದಿನ ಏಪ್ರಿಲ್‌ನಲ್ಲಿ. ನಮ್ಮದು ಎರಡು ಕೋಣೆಯ ಮನೆ. ಅಡುಗೆಮನೆಯ ಬದಿಯ ಉಗ್ರಾಣದಲ್ಲಿ, ಅಕ್ಕಿಯ ಡಬ್ಬ ಮತ್ತು ಹಳೆಯ ಬಲೆಯ ನಡುವೆ, ಅತ್ತೆ ಹದಿನೈದು ವರ್ಷ ಮಲಗಿದ್ದಳು. ಇನ್ನು ಆ ಜಾಗಕ್ಕೂ ಬೇಡಿಕೆ ಬರುವಂತಿತ್ತು. ಯಾರೂ ಬಾಯಿಬಿಡುವ ಮೊದಲೇ ಅತ್ತೆ ಒಂದು ಮಧ್ಯಾಹ್ನ ಅಪ್ಪನ ಎದುರು, ಎದುರು ಎಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಹೇಳಿದಳು:

"ಅಣ್ಣಾ, ಗಟಾರದ ಆಚೆಗಿನ ತುಂಡು ಜಾಗ ನಂಗೆ ಕೊಡು. ಒಂದು ಗೂಡು ಕಟ್ಕಂತೆ. ನನ್ನ ಹತ್ರ ಇದ್ದದ್ರಲ್ಲೇ."

"ಗೂಡು ಕಟ್ಟೂಕೆ ನೀ ಎಂತ ಹಕ್ಕಿಯಾ?" ಎಂದ ಅಪ್ಪ. ಆಮೇಲೆ ಬೀಡಿ ಆರಿಸಿ, "ಆತು. ನಿನ್ನ ಸೊಸೆ ಓದ್ಕಂಡು ಬಂದಾಳಲಾ, ಅವ್ಳೇ ನಕ್ಷೆ ತೆಗೀಲಿ" ಎಂದ. ಸೊಸೆ ಎಂದರೆ ನಾನು.

ನನ್ನ ಮೊದಲ ಮನೆ! ಪಾಲಿಟೆಕ್ನಿಕ್ಕಿನಲ್ಲಿ ನಮ್ಮ ಮೇಷ್ಟ್ರೊಬ್ಬರು, ನಕ್ಷೆ ತೆಗೆಯುವ ಮೊದಲು ಆ ಮನೆಯಲ್ಲಿ ಇರುವವರನ್ನು ನೋಡಿ ಎನ್ನುತ್ತಿದ್ದರು. ನೋಡುವುದು ಎಂದರೆ ನನ್ನ ಮಟ್ಟಿಗೆ ಎಣಿಸುವುದು. ಆರನೆಯ ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆದೆ: ಜಗಲಿ, ಅಂಗಳ, ಅಡುಗೆಮನೆ, ಬಾವಿ, ಹಿತ್ತಲು. ಎಡಗಡೆ ಅಪ್ಪ, ಅಮ್ಮ, ಅಣ್ಣ, ಅತ್ತೆ. ಮೇ ಒಂದರಿಂದ ಮೂವತ್ತೊಂದರವರೆಗೆ ಪ್ರತಿದಿನ ಬೆಳಗಿನ ಆರರಿಂದ ಸಂಜೆಯ ಏಳರವರೆಗೆ, ಯಾರು ಎಲ್ಲಿ ಎಷ್ಟು ಸಲ ಹೋಗಿ ಕೂತರು, ನಿಂತರು, ಕೆಲಸ ಮಾಡಿದರು ಎಂದು ಗುರುತು ಹಾಕಿದೆ. ಕೂತು ಎಣಿಸಲು ಒಳ್ಳೆಯ ಜಾಗ ಜಗಲಿಯ ಮೂಲೆ. ನಮ್ಮ ಮನೆಯ ಮುಂಬಾಗಿಲು, ನಡುಬಾಗಿಲು, ಹಿಂಬಾಗಿಲು ಮೂರೂ ಒಂದೇ ಸಾಲಿನಲ್ಲಿವೆ. ಪೂರ್ವದ ಜಗಲಿಯಲ್ಲಿ ಕೂತರೆ ಪಶ್ಚಿಮದ ಬಾವಿಕಟ್ಟೆಯವರೆಗೆ ಕಾಣುತ್ತದೆ. ಸಮುದ್ರದ ಗಾಳಿಯೂ ಅದೇ ದಾರಿಯಲ್ಲಿ ಬಂದು ಮೈಗೆ ತಾಗಿ ಮುಂದೆ ಹೋಗುತ್ತದೆ.

ಅಮ್ಮನಿಗೆ ಇದು ನಗೆ. "ಈಗ ನಾ ಬಾವಿಗೆ ಹೋಗ್ತೆ, ಬರ್ಕ. ಬರುವಾಗ ಹಿತ್ಲಾಗೆ ಒಂದ್ ಸಲ ಸೀನ್ತೆ, ಅದ್ನೂ ಬರ್ಕ."

ತಿಂಗಳ ಕೊನೆಗೆ ಕೂಡಿಸಿದೆ. ಅಮ್ಮ ಬಾವಿಗೆ ಹೋದದ್ದು ನಾನೂರ ಮೂರು ಸಲ. ಅಪ್ಪ ಜಗಲಿಯಲ್ಲಿ ಕೂತದ್ದು ಇನ್ನೂರ ಹದಿನಾಲ್ಕು ಸಲ. ಅತ್ತೆಯ ಸಾಲಿನಲ್ಲಿ ಅಡುಗೆಮನೆ ನೂರ ಎಂಬತ್ತೆಂಟು, ಬಾವಿ ನೂರ ಇಪ್ಪತ್ತೇಳು, ಹಿತ್ತಲು ನೂರ ಅರವತ್ತು, ಅಂಗಳ ಗುಡಿಸಲು ಮೂವತ್ತೊಂದು, ಜಗಲಿ ಸೊನ್ನೆ.

ಈ ಅಂಕಿಗಳನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಇಷ್ಟು ಖಚಿತವಾದ ಲೆಕ್ಕ ನಮ್ಮ ಮೇಷ್ಟ್ರ ಬಳಿಯೂ ಇರಲಾರದು ಎಂದುಕೊಂಡೆ. ಮಳೆಗಾಲವಿಡೀ ಕೂತು ನಕ್ಷೆ ತೆಗೆದೆ. ಹದಿನೆಂಟು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಮನೆ. ಹಂಚು ಹೊಸದಲ್ಲ, ಹೊನ್ನಾವರದ ಬಳಿ ಒಂದು ಹಳೆಯ ಅಕ್ಕಿ ಗಿರಣಿ ಕೆಡವಿದಾಗ ಅತ್ತೆ ಹೋಗಿ, ಒಂದೊಂದನ್ನೇ ಬೆರಳಿನಿಂದ ತಟ್ಟಿ ಸದ್ದು ಕೇಳಿ, ಬಿರುಕಿಲ್ಲದ ಒಂಬೈನೂರ ಹನ್ನೆರಡನ್ನು ಆರಿಸಿ ತಂದಿದ್ದಳು. ಅಷ್ಟೇ ಹಂಚಿಗೆ ತಕ್ಕಷ್ಟು ಮಾಡು, ಅಷ್ಟೇ ಮಾಡಿಗೆ ತಕ್ಕಷ್ಟು ಮನೆ. ಗೋಡೆಗೆ ಕೆಂಪು ಚಿರೆಕಲ್ಲು. ಗಾರೆಗೆ ಶರಾವತಿಯ ಅಳಿವೆಯ ಚಿಪ್ಪಿ ಸುಟ್ಟ ಸುಣ್ಣ. ಗೋಡೆಯ ತಲೆಗೂ ಮಾಡಿಗೂ ನಡುವೆ ಒಂದು ಗೇಣು ಖಾಲಿ, ಸೆಕೆಗಾಳಿ ಹೊರಗೆ ಹೋಗಲು. ಸ್ನಾನದ ನೀರು ಹರಿದು ಹೋಗಿ ಬಾಳೆಯ ಬುಡಕ್ಕೆ, ಪಾತ್ರೆ ತೊಳೆದ ನೀರು ಬಸಳೆ ಚಪ್ಪರಕ್ಕೆ. ಆ ಚಪ್ಪರ ಪಶ್ಚಿಮದ ಬಿಸಿಲಿಗೆ ಅಡ್ಡ. ಹಿಂದೆ ನಾಲ್ಕಡಿಯ ಅಗಲವಾದ ಜಗಲಿ: ಬುಟ್ಟಿ ಕವುಚಲು ಒಂದು ಕಲ್ಲು, ಕಾಲು ತೊಳೆಯಲು ಒಂದು ಕಲ್ಲು, ಸೀರೆ ಒಣಗಿಸಲು ಒಂದು ಗಳ. ಮುಂದೆ? ಮುಂದೆ ಒಂದು ಬಾಗಿಲು. ಮೂವತ್ತೊಂದು ದಿನದಲ್ಲಿ ಒಮ್ಮೆಯೂ ಕೂರದವಳಿಗೆ ಮುಂದಿನ ಜಗಲಿ ಯಾಕೆ? ಹಂಚು ದಂಡ, ಕಲ್ಲು ದಂಡ.

ಮಳೆ ನಿಂತು ಅಕ್ಟೋಬರ್ ಬಂತು. ಅತ್ತೆಗೆ ನಕ್ಷೆ ಓದಲು ಬಾರದಲ್ಲ, ಅದಕ್ಕೆ ನಾನು ಗಟಾರದ ಆಚೆಯ ಮರಳಿನಲ್ಲಿ ಮನೆಯನ್ನು ಅಷ್ಟಕ್ಕಷ್ಟೇ ಅಳತೆಯಲ್ಲಿ ಬಿಡಿಸಿದೆ. ಗೋಡೆಯ ಗೆರೆಗೆ ಬೂದಿ, ಗೆರೆ ಹಾರಿಹೋಗದಂತೆ ಅದರ ಮೇಲೆ ಬಿಳಿ ಚಿಪ್ಪಿಗಳ ಸಾಲು, ಬಾಗಿಲಿದ್ದಲ್ಲಿ ಸಾಲಿಗೆ ಬಿಡುವು. ಗೋಡೆ ಕಟ್ಟಲಿದ್ದ ಸುಬ್ರಾಯನೂ ಬಂದಿದ್ದ. ಅವನು ಚಿಪ್ಪಿ ನೋಡಿ, "ಇಂಜಿನಿಯರಮ್ಮ, ಸುಡೂ ಮೊದ್ಲೇ ಸುಣ್ಣ ಗೋಡೆಗೆ ಹಾಕಿಬಿಟ್ರಿ ಅಲಾ" ಎಂದು ನಕ್ಕ.

ಅತ್ತೆ ಮೀನು ಮಾರಿ ಬಂದು, ಮಿಂದು, ಒದ್ದೆ ಕೂದಲು ಗಂಟು ಹಾಕಿಕೊಂಡು ಬಂದಳು. ಹಿಂದಿನ ಬಿಡುವಿನಿಂದ ಒಳಗೆ ಕಾಲಿಟ್ಟಳು. ಚಿಪ್ಪಿ ತುಳಿಯದಂತೆ ಸೀರೆಯನ್ನು ಮೇಲೆತ್ತಿ ಹಿಡಿದಿದ್ದಳು.

"ಇದು ಎಂತ?"

"ಹಿಂದಿನ ಜಗಲಿ. ಬುಟ್ಟಿ ಇಲ್ಲಿ."

"ಚಲೋ ಅದೆ. ಇದು?"

"ಅಡುಗೆಮನೆ. ಕಿಟಕಿ ಇಲ್ಲಿ. ನೀನು ಕೂತು ಅರೆಯುವಾಗ ಬಾವಿ ಕಾಣುವ ಎತ್ತರಕ್ಕೆ ಇಡ್ತೇನೆ."

"ಕೂತದ್ದು ಅಳ್ತೆ ತೆಗ್ದೀಯಾ ಮಾರಾಯ್ತಿ!" ಅವಳ ಮುಖ ಅರಳಿತು. ಮಲಗುವ ಕೋಣೆಯನ್ನು ದಾಟಿ ಮುಂದಿನ ಬಾಗಿಲಿನಿಂದ ಒಂದು ಹೆಜ್ಜೆ ಹೊರಗಿಟ್ಟಳು. ಅಲ್ಲಿ ಬರೀ ಮರಳು. ಆಮೇಲೆ ಬಾಗಿಲ ಎಡಬದಿಗೆ, ತೆಂಗಿನ ತೋಟಕ್ಕೂ ದಾರಿಗೂ ಮುಖ ಮಾಡಿ, ಮರಳಿನ ಮೇಲೆ ಕೂತಳು. ಕಾಲು ಚಾಚಿದಳು. ಎರಡೂ ಅಂಗೈಗಳನ್ನು ಪಕ್ಕಕ್ಕೆ ಊರಿದಳು.

"ಇದು ಎಂತ?"

"ಅಲ್ಲಿ ಎಂತ ಇಲ್ಲ ಅತ್ತೆ. ಅದು ಹೊರಗೆ."

"ಹೌದಾ. ಹಂಗಾರೆ ನಾ ಕೂತದ್ದು ಹೊರಗೇ ಆತು."

ಹೇಳಿ ನಕ್ಕಳು. ಎದ್ದು ಸೀರೆಯ ಮರಳು ಝಾಡಿಸಿಕೊಂಡಳು. "ಚಲೋ ಅದೆ. ಹಿಂಗೇ ಕಟ್ಟಿ" ಎಂದು ಸುಬ್ರಾಯನಿಗೆ ಹೇಳಿ, ಬಂದ ದಾರಿಯಲ್ಲೇ, ಅಡುಗೆಮನೆ ದಾಟಿ, ಹಿಂದಿನ ಬಿಡುವಿನಿಂದಲೇ ಹೊರಗೆ ಹೋದಳು. ಸುತ್ತ ಬಟ್ಟ ಬಯಲು. ಮುಂದಿನಿಂದ ನಡೆದು ಹೋಗಿದ್ದರೆ ಯಾರು ತಡೆಯುತ್ತಿದ್ದರು?

ಸುಬ್ರಾಯ ನನ್ನನ್ನು ನೋಡಿದ. ನಾನು ಚಿಪ್ಪಿಯನ್ನು ನೋಡಿದೆ.

ಮನೆಗೆ ಬಂದು ಆರನೆಯ ನೋಟ್‌ಬುಕ್ ತೆರೆದೆ. ಆ ಸೊನ್ನೆ ಅಲ್ಲೇ ಇತ್ತು. ನನ್ನ ಅಂಕಿಗಳು ಯಾವತ್ತೂ ದುಂಡಗೆ ಚೆಂದ. ಅದನ್ನು ನೋಡುತ್ತ ಕೂತವಳಿಗೆ ಒಂದು ಹಳೆಯ ಸಂಗತಿ ನೆನಪಾಯಿತು. ನನಗೆ ಎಂಟು ವರ್ಷವಿದ್ದಾಗಿನದು. ಒಂದು ಮಧ್ಯಾಹ್ನ ಗಂಡಸರು ದಡದಲ್ಲಿದ್ದರು, ಅಮ್ಮ ಕುಮಟೆಗೆ ಅಕ್ಕನ ಮನೆಗೆ ಹೋಗಿದ್ದಳು. ಅತ್ತೆ ನನ್ನನ್ನು ಮುಂದಿನ ಜಗಲಿಯ ಅಂಚಿನಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಅಲ್ಲಿ ಗಾಳಿ ಇತ್ತು. ಅವಳು ಮೆಲ್ಲಗೆ ಏನೋ ಗುನುಗುತ್ತಿದ್ದಳು. ಅಷ್ಟರಲ್ಲಿ ಅಪ್ಪನನ್ನು ಕೇಳಿಕೊಂಡು ಯಾರೋ ಬೇಲಿಯ ದಣಪೆ ದಾಟಿ ಬಂದರು. ಅತ್ತೆ ದಡಕ್ಕನೆ ಎದ್ದು ಒಳಗೆ ಓಡಿದಳು. ಓಟದ ರಭಸಕ್ಕೆ ಬಾಚಣಿಗೆ ನನ್ನ ತಲೆಯಲ್ಲೇ ಉಳಿಯಿತು. ನಾನು ಕಿವಿಯ ಮೇಲೆ ಬಾಚಣಿಗೆ ನೇತಾಡಿಸಿಕೊಂಡೇ ಬಂದವರಿಗೆ "ಅಪ್ಪ ಇಲ್ಲ" ಎಂದೆ. ಅವರು ಹೋದ ಮೇಲೆ ಒಳಗೆ ಹೋದರೆ ಅತ್ತೆ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಳು. "ಬಾ, ಇಲ್ಲೇ ಬಾಚ್ತೆ" ಎಂದಳು.

ಅವಳಿಗೆ ಮುಂದೆ ಬರಬೇಡ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮೀನಿನ ಬುಟ್ಟಿ, ಅದರ ನೀರು, ವಾಸನೆ. ಆದ್ದರಿಂದ ಹಿಂದಿನಿಂದ ಬರುವುದು, ಮಿಂದು ಒಳಗಾಗುವುದು. ಸರಿಯೇ. ಆದರೆ ಅಪ್ಪನೂ ಸಮುದ್ರದಿಂದ ಬರುತ್ತಿದ್ದ, ಅದೇ ಮೀನಿನ ವಾಸನೆಯಲ್ಲಿ. ಅವನು ಮನೆಯನ್ನು ಬಳಸಿ ಬಂದು, ಮುಂದಿನ ಮೆಟ್ಟಿಲಿನ ಮೇಲೆ ಒಂದು ಚೊಂಬು ನೀರು ಕಾಲಿಗೆ ಹೊಯ್ದುಕೊಂಡು, ಜಗಲಿಯಲ್ಲಿ ಕೂತು ಚಾ ಕೇಳುತ್ತಿದ್ದ. ಅತ್ತೆಯನ್ನು ಹುಡುಕಿಕೊಂಡು ಬರುವವರೂ ಹಿತ್ತಲಿಗೇ ಬರುತ್ತಿದ್ದರು. ಯಾರೂ ಅವಳನ್ನು ಮುಂದಿನಿಂದ ಕರೆದದ್ದಿಲ್ಲ. ನಾನು ಮೂವತ್ತೊಂದು ದಿನ ಅದೇ ಜಗಲಿಯಲ್ಲಿ ಕೂತು, ಅಲ್ಲಿ ಕೂರದವಳನ್ನು ದೂರದಿಂದ ಎಣಿಸಿ, ಬೇಡವೆಂದು ತೀರ್ಮಾನಿಸಿದ್ದೆ.

ಮರುದಿನ ಅಪ್ಪನ ಬಳಿ ಹೋದೆ. ಅವನು ಜಗಲಿಯಲ್ಲಿ ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದ.

"ಅಪ್ಪಾ, ಅತ್ತೆ ಮನೆಗೆ ಮುಂದೆ ಒಂದು ಜಗಲಿ ಬೇಕು."

"ಅವ್ಳಿಗೆ ಎಂತಕ್ಕೆ? ಜಗಲಿ ಅಂದ್ರೆ ನಾಕು ಜನ ಬಂದ್ ಕೂರೂ ಜಾಗ. ಒಬ್ಳೇ ಹೆಂಗ್ಸು. ಸಂಜೆ ಹೊತ್ತು ಮುಂದೆ ಕೂತ್ರೆ ದಾರೀಲಿ ಹೋಗೂರು ಎಂತ ಹೇಳ್ತ್ರು?"

"ನೀವು ಕೂತರೆ ಎಂತ ಹೇಳ್ತಾರೆ?"

"ಬಾಯಿ ಜಾಸ್ತಿ ಆತು ನಿಂಗೆ."

ನಾನು ನೋಟ್‌ಬುಕ್ಕಿನ ಪುಟ ತೆರೆದು ಬಲೆಯ ಮೇಲಿಟ್ಟೆ. ಅಪ್ಪ ನಾಲ್ಕನೆಯ ಇಯತ್ತೆ ಓದಿದವನು, ಅಂಕಿ ಬರುತ್ತದೆ. ಬೆರಳಿಟ್ಟು ತನ್ನ ಸಾಲು ಓದಿದ. "ಇನ್ನೂರ ಹದ್ನಾಕು ಸಲ? ನಾ ಅಷ್ಟೆಲ್ಲ ಖಾಲಿ ಕೂತ್ಕಂತ್ನಾ?" ಎಂದು ಮುಖ ಗಂಟಿಕ್ಕಿದ. ಆಮೇಲೆ ಬೆರಳು ಕೆಳಗಿಳಿಯಿತು.

"ಇದ್ಯಾರ ಸಾಲು?"

"ಅತ್ತೇದು."

"ಲೆಕ್ಕ ತಪ್ಪಾತು. ಒಂದ್ ಸಲಾನೂ ಇಲ್ದೆ ಹೆಂಗೆ?"

"ತಪ್ಪಿಲ್ಲ."

"ಹದ್ನೈದು ವರ್ಷದಾಗೆ..." ಎಂದು ಶುರುಮಾಡಿ ನಿಲ್ಲಿಸಿದ. ಬಲೆಯ ದಬ್ಬಣ ಕೈಯಲ್ಲೇ ಇತ್ತು. ಅದನ್ನು ಬಲೆಗೆ ಚುಚ್ಚಿಟ್ಟು, "ಹಂಚು ಸಾಲೂದಿಲ್ಲ" ಎಂದ.

"ಹಂಚು ಅಷ್ಟೇ ಸಾಕು. ಮಾಡು ದೊಡ್ಡದಾಗುವುದಿಲ್ಲ. ಮುಂದಿನ ಗೋಡೆ ಒಳಗೆ ಸರಿದರೆ ಆಯಿತು. ಒಳಗಿನದೇ ಹೊರಗಾಗ್ತದೆ."

ಅವನು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ.

ಮರುದಿನ ಬೆಳಿಗ್ಗೆ ಗಟಾರದ ಆಚೆ ಹೋಗಿ ನೋಡಿದರೆ ಮುಂದಿನ ಚಿಪ್ಪಿಯ ಸಾಲು ಒಳಗೆ ಸರಿದಿತ್ತು. ನನ್ನ ಸಾಲು ನೇರವಿತ್ತು, ಇದು ದೋಣಿಯ ಹೊಟ್ಟೆಯಂತೆ ಬಾಗಿತ್ತು. "ನಿನ್ನಪ್ಪ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚಿಪ್ಪಿ ಎತ್ತಿಡ್ತಿದ್ರು. ನಾ ಕಂಡ್ರೂ ಕಾಣ್ದಂಗೆ ಬಂದೆ" ಎಂದಳು ಅಮ್ಮ. ಟೇಪು ಹಿಡಿದೆ: ಮೂರು ಅಡಿ. ಅವನ ಮೊಳದಲ್ಲಿ ಎರಡು ಮೊಳ.

ಅತ್ತೆ ಅದನ್ನು ನೋಡಿ ಮೊದಲು ಬೇಡವೆಂದಳು. ಎರಡನೆಯ ಸಲವೂ ಬೇಡವೆಂದಳು. ಮೂರನೆಯ ಸಲ ಅಲ್ಲಿ ಕೂತು ಕಾಲು ಚಾಚಿ ನೋಡಿದಳು. ಪಾದ ಜಗಲಿಯ ಅಳತೆ ದಾಟಿ ಹೊರಗೆ ಬಂತು.

"ಮೂರಡಿ ಆದ್ರೆ ಬಂದವ್ರ ಕಾಲು ಅಂಗ್ಳದಾಗೇ ಆತದೆ. ಮಲ್ಗೂ ಕೋಣೇಲಿ ಇನ್ನೊಂದಡಿ ತೆಗಿ."

"ಹಿಂದಿನ ಜಗಲಿಯಿಂದಲೂ ಒಂದಡಿ ಕೋಣೆಗೆ ಕೊಡ್ತೇನೆ. ಆದರೂ ಕೋಣೆ ಏಳೇ ಅಡಿ ಆಗ್ತದೆ ಅತ್ತೆ."

"ನನ್ನುದ್ದ ಐದಡಿ. ಮಲಗ್ದವ್ಳಿಗೆ ಅದ್ಕಿಂತ ಹೆಚ್ಚು ಜಾಗ ಎಂತಕ್ಕೆ? ಎಚ್ರ ಇದ್ದಾಗ ಬೇಕು ಮಗಾ ಜಾಗ."

ಹಾಗೆ ಮುಂದೆ ನಾಲ್ಕಡಿ, ನಡುವೆ ಏಳು, ಹಿಂದೆ ಮೂರು. ಹದಿನಾಲ್ಕು ಹದಿನಾಲ್ಕೇ ಉಳಿಯಿತು. ಪಕ್ಕದ ಅಡುಗೆಮನೆಯೂ ಅಷ್ಟೇ ಚಿಕ್ಕದಾಯಿತು. ನನ್ನ ಮಳೆಗಾಲದ ನಕ್ಷೆ ಅಮ್ಮನ ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚಳವಾಯಿತು.

ನವೆಂಬರಿನಲ್ಲಿ ಪಾಯ ತೋಡಿದರು. ಆ ಹೊತ್ತಿಗೆ ನನಗೆ ಕುಮಟೆಯ ಒಬ್ಬ ಕಂತ್ರಾಟುದಾರರ ಆಫೀಸಿನಲ್ಲಿ ನಕ್ಷೆ ತೆಗೆಯುವ ಕೆಲಸ ಸಿಕ್ಕಿತ್ತು. ದೊಡ್ಡಮ್ಮನ ಮನೆಯಲ್ಲಿದ್ದು, ಶನಿವಾರ ಸಂಜೆಯ ಬಸ್ಸಿಗೆ ಮಂಕಿಗೆ ಬರುತ್ತಿದ್ದೆ. ಪ್ರತಿ ವಾರ ಗೋಡೆ ಎಷ್ಟು ವರಸೆ ಏರಿದೆ ಎಂದು ಎಣಿಸಿ ಬರೆದುಕೊಂಡೆ. ನೆಲಕ್ಕೆ ಮಣ್ಣು ಹಾಕಿ ಪೆಟ್ಟಣೆಯಿಂದ ಬಡಿದು, ತೆಂಗಿನ ಕರಟ ಸುಟ್ಟ ಕರಿ ಮತ್ತು ಸಗಣಿ ಬೆರೆಸಿ ಸಾರಿಸಿದ್ದನ್ನು ಅಮ್ಮ ಮತ್ತು ಅತ್ತೆ ಸೇರಿ ಬೆಣಚುಕಲ್ಲಿನಿಂದ ಒಂಬತ್ತು ದಿನ ಉಜ್ಜಿದರು. ಜಗಲಿಯ ಮಾಡಿಗೆ ಒಂದು ಕಂಬ ಬೇಕಿತ್ತು. ಸುಬ್ರಾಯ ತೆಂಗಿನ ದಿಂಡು ನಿಲ್ಲಿಸುವವನಿದ್ದ. ಒಂದು ಭಾನುವಾರ ಅಪ್ಪ ಮತ್ತು ಅಣ್ಣ ಹೆಗಲ ಮೇಲೆ ಉದ್ದದ ಮರವೊಂದನ್ನು ಹೊತ್ತು ತಂದರು. ಅದು ನಮ್ಮ ಹಳೆಯ ದೋಣಿಯ ಕೂವೆಮರ, ಹಾಯಿ ಕಟ್ಟುವ ಕಂಬ. ದೋಣಿ ಒಡೆದು ಆರು ವರ್ಷವಾಗಿದ್ದರೂ ಅಪ್ಪ ಅದನ್ನು ಮಾಡಿನ ಕೆಳಗೆ ಕಟ್ಟಿ ಇಟ್ಟಿದ್ದ, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ.

"ಉಪ್ಪು ಕುಡ್ದ ಮರ. ಗೆದ್ಲು ಹಿಡೀದಿಲ್ಲ" ಎಂದಷ್ಟೇ ಹೇಳಿ ಸುಬ್ರಾಯನ ಮುಂದೆ ಇಳಿಸಿದ.

ಮಾರ್ಚ್ ತಿಂಗಳಲ್ಲಿ ಅತ್ತೆ ಹೊಸ ಮನೆಗೆ ಹೋದಳು. ಹಾಲು ಉಕ್ಕಿಸಿದ ದಿನ ಮುಂದಿನ ಬಾಗಿಲಿಂದಲೇ ಒಳಗೆ ಹೋದಳು, ಹೋಗಲೇಬೇಕಿತ್ತು. ಮುಂದಿನ ಭಾನುವಾರ ನಾನು ಬಂದಾಗ ಆ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಅತ್ತೆ ಹಿತ್ತಲಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ನಾನು ಆರನೆಯ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ದಿನಾಂಕ ಹಾಕಿ ಜಗಲಿಯ ಕಾಲಂನಲ್ಲಿ ಸೊನ್ನೆ ಬರೆದೆ. ಮುಂದಿನ ಭಾನುವಾರವೂ ಸೊನ್ನೆ. ಅಣ್ಣನ ಮದುವೆ ಕಳೆಯಿತು. ಹೀಗೆ ಎಂಟು ಭಾನುವಾರ. ಜಗಲಿಯನ್ನು ಅವಳು ದಿನಾ ಸಾರಿಸುತ್ತಿದ್ದಳು, ಕನ್ನಡಿಯಂತಿತ್ತು. ನಾನು ಬಂದೆನೆಂದರೆ, "ಬಾ, ಬಾ" ಎಂದು ಹಿಂದಿನ ಜಗಲಿಯಲ್ಲಿ ಮಣೆ ಹಾಕುವಳು. ಆ ಮೂರಡಿಯಲ್ಲಿ ನಾವಿಬ್ಬರೂ ಮೊಣಕಾಲು ಮಡಚಿ ಕೂರುತ್ತಿದ್ದೆವು. ನಾನು ಅವಳ ಕೋಣೆಯನ್ನು ಸಣ್ಣದು ಮಾಡಿದೆ, ಅವಳಿಗೆ ಬೇಕಾದ ಹಿಂದಿನ ಜಾಗವನ್ನೂ ಕತ್ತರಿಸಿದೆ, ಮುಂದೆ ಒಂದು ಖಾಲಿ ಕನ್ನಡಿ ಇಟ್ಟೆ ಎಂದು ಒಳಗೊಳಗೇ ಕುಗ್ಗಿದೆ. ಅಪ್ಪ ಪ್ರತಿ ಭಾನುವಾರ ಬೇರೆಲ್ಲೋ ನೋಡುತ್ತ ಕೇಳುವನು:

"ಕೂತ್ಳಾ?"

"ಇಲ್ಲ."

"ಹೂಂ."

ಮಳೆ ಶುರುವಾಯಿತು. ಪಶ್ಚಿಮದ ಇರಚಲಿಗೆ ಹಿಂದಿನ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದನ್ನು ನೋಡಿ ಹೋದವಳಿಗೆ ಮತ್ತೆ ಬರಲಾಗಲಿಲ್ಲ. ಆಫೀಸಿನಲ್ಲಿ ಕೆಲಸ ಹೆಚ್ಚಿತ್ತು, ಬಸ್ಸುಗಳು ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಚೌತಿಗೆ ರಜೆ ಸಿಕ್ಕಿತು. ಬಸ್ಸಿಳಿದು ನಡೆದು ಬರುವಾಗ ದೂರದಿಂದಲೇ ಕಂಡಿತು: ಅತ್ತೆಯ ಮನೆಯ ಮುಂಬಾಗಿಲು ತೆರೆದಿತ್ತು. ಅದರೊಳಗಿನಿಂದ ಹಿಂದಿನ ಬಾಗಿಲು, ಅದರಾಚೆ ಬಾಳೆಗಿಡದ ಒಂದು ಹಸಿರು ತುಂಡು. ಜಗಲಿಯಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲು ಹತ್ತಿ ಕೂವೆಮರಕ್ಕೆ ಕೈ ಊರಿದೆ. ಆ ಕರಿ ಮರದ ಒಳಬದಿಯಲ್ಲಿ, ದಾರಿಯಿಂದ ಕಾಣದ ಕಡೆ, ಸುಣ್ಣದ ಗೀಟುಗಳು. ಸಾಲು ಸಾಲಾಗಿ, ಬೆರಳಗಲ. ಎಣಿಸಿದೆ. ನಲವತ್ತಾರು. ಅವುಗಳ ಕೆಳಗೆ, ಬೇರೆಯಾಗಿ, ಅಗಲವಾದ ಇನ್ನೊಂದು.

ಅತ್ತೆ ಎಲೆಯ ತಟ್ಟೆ ಹಿಡಿದು ಒಳಗಿನಿಂದ ಬಂದಳು.

"ಇದೆಂತ ಅತ್ತೆ? ಬಂಗಡೆ ಲೆಕ್ಕವಾ?"

"ಮಳೆಗಾಲದಾಗೆ ಬಂಗಡೆ ಎಲ್ಲಿಂದ ಬತ್ತದೆ? ಅದು ನಾ ಕೂತದ್ದು."

"ಎಂಟು ಭಾನುವಾರ ನಾನು ನೋಡಿದೆ, ಒಂದು ಸಲವೂ ಕೂರಲಿಲ್ಲ!"

"ನೀ ಪುಸ್ತಕ ಹಿಡ್ಕಂಡು ಕಣ್ ಬಿಟ್ಕಂಡು ನೋಡ್ತಿದ್ರೆ ಯಾರಿಗೆ ಕೂರೂಕೆ ಮನ್ಸಾತದೆ? ನೀ ವಾರಕ್ಕೊಂದ್ ಸಲ ಬಂದು ಸೊನ್ನೆ ಬರ್ಕಂಡ್ ಹೋತೆ. ಉಳ್ದ ಆರ್ ದಿನದ್ದು ಯಾರು ಬರೀಬೇಕು? ಅದ್ಕೆ ನಾನೇ ಇಟ್ಟೆ."

"ಮೊದಲನೆಯದು ಯಾವತ್ತು?"

"ತೆಂಗಿನಗುಂಡಿಯಿಂದ ಮಾದೇವಿ ಬಂದಿದ್ಳಲಾ, ನನ್ನ ಸಂಗ್ತಿ ಮೀನು ಮಾರೂಳು. ಅವ್ಳಿಗೆ ಹಿಂದಿನ ದಾರಿ ಗೊತ್ತಿಲ್ಲ. ಸೀದಾ ಇಲ್ಲಿ ಬಂದು ಬುಟ್ಟಿ ಇಳ್ಸಿ ಕೂತ್ಕಂಡ್ಳು. ಬಂದವ್ಳು ಕೂತಾಗ ಮನೆಯವ್ಳು ನಿಂತ್ಕಂಡಿರೂದು ಹೆಂಗೆ?"

ಅವಳು ಎಡಬದಿಗೆ, ಅಂದು ಮರಳಿನಲ್ಲಿ ಕೂತಿದ್ದ ಜಾಗದಲ್ಲೇ, ಕೂತಳು. ಕಾಲು ಚಾಚಿದಳು. ನಾಲ್ಕಡಿಯಲ್ಲಿ ಪಾದದ ಮುಂದೆ ಇನ್ನೂ ಸ್ವಲ್ಪ ನೆಲ ಉಳಿಯಿತು.

"ಇದು?" ಎಂದು ಕೆಳಗಿನ ಅಗಲವಾದ ಗೀಟು ತೋರಿಸಿದೆ.

ಅತ್ತೆ ಎಲೆಯ ನಾರು ತೆಗೆದಳು. "ಅದು ನಿನ್ನಪ್ಪಂದು. ಹೋದ ವಾರ ಬಂದಿದ್ದ. ಹಿತ್ಲಿಂದ ಕೂಗೂನು ಅಂದ್ಕಂಡೆ. ಇಲ್ಲ. ದಾರೀಲಿ ಸುತ್ತಿ ಬಂದು ಅಂಗ್ಳದಾಗೆ ನಿಂತು ಕೆಮ್ಮಿದ. ನಾ ಹೊರಗೆ ಬಂದೆ. ಹತ್ತಿ ಬರ್ಲಾ ಅಂತ ಕೇಳ್ದ." ಸುಣ್ಣದ ಡಬ್ಬಿಯ ಮುಚ್ಚಳ ತೆಗೆದಳು. "ನನ್ನ ಕೇಳ್ದ, ಮಗಾ. ಬಾ ಅಣ್ಣ ಅಂದೆ. ಕೂತ, ಚಾ ಕುಡ್ದ, ಗೀಟು ನೋಡ್ದ. ಅದು ಎಂತದು ಅಂತ ನಾ ಹೇಳ್ದ ಮೇಲೆ ತಾನೇ ಹೆಬ್ಬೆಟ್ಟು ಅದ್ದಿ ಎಳ್ದು ಹೋದ."

ನಾನು ಚೀಲದಿಂದ ಆರನೆಯ ನೋಟ್‌ಬುಕ್ ತೆಗೆದೆ. ಪೆನ್ಸಿಲ್ ಹುಡುಕುತ್ತಿದ್ದೆ.

"ಅದ್ನ ಇಡೇ ಬದಿಗೆ" ಎಂದಳು ಅತ್ತೆ. "ಮೊದ್ಲು 'ಕೂತ್ಕಳ್ಲಾ' ಅಂತ ಕೇಳು."

ಕೇಳಿದೆ. ಅವಳು ಪಕ್ಕದ ನೆಲವನ್ನು ಅಂಗೈಯಲ್ಲಿ ಒರೆಸಿದಳು. ನಾನು ಕೂತ ಮೇಲೆ, ಬೆರಳಿಗೆ ಸುಣ್ಣ ಹಚ್ಚಿಕೊಂಡು ಕೂವೆಮರದ ಕಡೆ ಕೈ ಚಾಚಿದಳು.